ಮಾತಿಗೆ ಕಾಯುವ ಶಾಲೆ

ಸೀರೆ ಅಂಗಡಿಯಲ್ಲಿ ಕೂತವನಿಗೆ ಜನರ ಆಯ್ಕೆಯ ಹುಚ್ಚು ಚೆನ್ನಾಗಿ ಗೊತ್ತು. ರಬಕವಿಯ ನನ್ನ ಅಂಗಡಿಗೆ ಬರುವವರು ಕಪಾಟು ಖಾಲಿಯಾಗುವವರೆಗೂ ಸೀರೆ ಬಿಚ್ಚಿಸಿ, "ಬಣ್ಣ ಛಲೋ ಐತಿ, ಸೆರಗು ಬ್ಯಾರೆ ಇರಬೇಕಿತ್ತು" ಎಂದು ಎದ್ದು ಹೋಗುತ್ತಾರೆ. ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಮಗಳಿಗೆ ಶಾಲೆ ಹುಡುಕಲು ಹೊರಟ ಮೇಲೆ ಆ ನಗು ನಿಂತಿದೆ.

ಮುಧೋಳದ ಶಾಲೆಯ ಕಟ್ಟಡ ಚೆಂದ, ಜಮಖಂಡಿಯದರ ಬಸ್ಸು ಚೆಂದ. ಆದರೆ ನನ್ನ ಮಗಳಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ತುಟಿಗೆ ಬಂದು ಅಲ್ಲೇ ಕೂತುಬಿಡುತ್ತದೆ. ಮಗ್ಗದ ಸದ್ದಿನ ಸೀಮೆಯವರು ನಾವು, ಗಟ್ಟಿಯಾಗಿ ಮಾತಾಡುವುದನ್ನು ಕಲಿತಷ್ಟು ಕೇಳಿಸಿಕೊಳ್ಳುವುದನ್ನು ಕಲಿತಿಲ್ಲ. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಅವಳ ಮಾತನ್ನು ಮುಗಿಸಿಕೊಡುತ್ತೇವೆ. ಪದ್ಮಾವತಿ ಎಂಬ ಹೆಸರನ್ನೂ ಅವಳಿಗೆ ಹಗುರಾಗಲೆಂದು ಪದ್ದಿ ಮಾಡಿದ್ದೇವೆ. ದೊಡ್ಡದೊಂದು ಶಾಲೆಯಲ್ಲಿ ಹೆಸರು ಕೇಳಿದ ಮೇಡಂ, ಉತ್ತರ ಬರುವುದರೊಳಗೆ ಮುಂದಿನ ಮಗುವನ್ನು ಕರೆದರು. ಅವರನ್ನೂ ದೂರಲಾರೆ, ಹೊರಗೆ ಸಾಲು ಉದ್ದವಿತ್ತು. ಆದರೆ ಪದ್ದಿ ಆ ದಿನ ಮನೆಗೆ ಬಂದ ಮೇಲೂ ಮಾತಾಡಲಿಲ್ಲ. ನನಗೆ ಹೆದರಿಕೆಯಾಯಿತು.

ಅಂಗಡಿಯ ಹಿಂದಿನ ಓಣಿಯಲ್ಲೇ, ಚರ್ಚಿನ ಹಿತ್ತಲಲ್ಲಿ ಎರಡು ಕೋಣೆಯ ಶಾಲೆಯೊಂದಿದೆ. ಅಲ್ಲಿನ ಮಕ್ಕಳೆಲ್ಲ ಸೇರಿದರೂ ಮದುವೆ ಊಟದ ಒಂದು ಪಂಕ್ತಿ ತುಂಬುವುದಿಲ್ಲ. ಅದರ ಹೆಸರೆತ್ತಿದ್ದೇ ತಡ, ತೇರದಾಳದ ನಮ್ಮ ಜೈನ ಮನೆಯ ಹಿರಿಯಳಾದ ಅವ್ವ ಹುಬ್ಬು ಗಂಟಿಕ್ಕಿದಳು.

"ಕಿರಿಸ್ತಾನರ ಸಾಲಿ ಅಂತೀ. ಕೂಸು ಉಳ್ಳಾಗಡ್ಡಿ ತಿಂದು ಬಂದ್ರ ಏನ್ ಮಾಡ್ತಿ?"

ಈರುಳ್ಳಿ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಪದ್ದಿಯನ್ನು ಕರೆದುಕೊಂಡು ನಾನು ಹೊರಟಾಗ, ಪರೀಕ್ಷೆ ಮಾಡಲೆಂದು ಅವ್ವ ತಾನೂ ಜೊತೆಗೆ ಬಂದಳು. ಅಕ್ಕೋರು, ಅಂದರೆ ಅಲ್ಲಿನ ಟೀಚರು, ಅವ್ವ ಅಲ್ಲೂ ಕೇಳಿದ ಅದೇ ಪ್ರಶ್ನೆಗೆ ನಕ್ಕರು. "ಡಬ್ಬಿ ಮನಿಯಿಂದನ ತರ್ತಾರ್ರೀ ಅಮ್ಮಾರ. ಯಾರ ಮನ್ಯಾಗ ಏನ್ ನಡಿಯಂಗಿಲ್ಲ ಅನ್ನೂದು ನನಗಿಂತ ಈ ಹುಡುಗರಿಗೇ ಛಲೋ ಗೊತ್ತೈತಿ."

ಚಾಪೆಯ ಮೇಲೆ ಕೂತ ಆ ಮಕ್ಕಳಲ್ಲಿ ಒಬ್ಬರ ಮನೆಮಾತು ಉರ್ದು, ಒಬ್ಬರದು ಮರಾಠಿ, ಇನ್ನೊಬ್ಬರದು ಲಂಬಾಣಿ. ಕನ್ನಡದ ಮಾತು ಹುಡುಕಿಕೊಳ್ಳಲು ಹೆಚ್ಚಿನವರಿಗೆ ತುಸು ಹೊತ್ತು ಬೇಕು. ಹೀಗಾಗಿ ಅಲ್ಲೊಂದು ಕಟ್ಟಳೆ: ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವಂತಿಲ್ಲ. ಇದು ನನಗೆ ತಿಳಿದಿರಲಿಲ್ಲ.

ಅಕ್ಕೋರು ಮಗಳ ಹೆಸರು ಕೇಳಿದರು. "ಪ... ಪ..." ಎಂದು ಅವಳು ತಡೆದದ್ದೇ, ರೂಢಿಯಂತೆ ನಾನು ಬಾಯಿ ತೆರೆದೆ. ಎರಡು ಜಡೆಯ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು.

"ಸುಮ್ಕಿರ್ರೀ ಕಾಕಾ, ಆಕಿನ ಹೇಳ್ತಾಳ."

ದಿನವಿಡೀ ಗಿರಾಕಿಗಳೊಂದಿಗೆ ಮಾತಾಡುವ ನಾನು ತೆರೆದ ಬಾಯಿ ಮುಚ್ಚಿದೆ. ಓಣಿಯ ಪವರ್‌ಲೂಮಿನ ಸದ್ದೊಂದೇ ಕೇಳುತ್ತಿತ್ತು. ಯಾವ ಮಗುವೂ ಅವಳನ್ನು ದಿಟ್ಟಿಸಲಿಲ್ಲ, ನಗಲಿಲ್ಲ. ಒಬ್ಬ ತನ್ನ ಪಾಡಿಗೆ ಪೆನ್ಸಿಲ್ ಕೆತ್ತುತ್ತಿದ್ದ.

"ಪ... ಪದ್ಮಾವತಿ."

ಪದ್ದಿ ಎನ್ನಲಿಲ್ಲ, ಪೂರ್ತಿ ಹೇಳಿದಳು. ಅದು ಅವ್ವನ ಹೆಸರು. ಮೊಮ್ಮಗಳ ಬಾಯಲ್ಲಿ ಅದನ್ನು ಇಡಿಯಾಗಿ ಅವ್ವ ಕೇಳಿದ್ದು ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇಲ್ಲೇ ಹೆಸರ ಹಚ್ಚಪಾ" ಅಂದಳು.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ನೇಮ ಅವ್ವನದು. ಸಂಜೆ ಆಟೋ ಹತ್ತಿದರೆ ತೇರದಾಳ ಮುಟ್ಟುವವರೆಗೂ ಡ್ರೈವರನನ್ನು ಅವಸರಿಸುತ್ತಲೇ ಇರುತ್ತಾಳೆ. ಆವತ್ತು ಮಗಳು ದಾರಿಯುದ್ದಕ್ಕೂ ಆ ಎರಡು ಜಡೆಯ ಹುಡುಗಿಯ ಬಗ್ಗೆ ಏನೋ ಹೇಳುತ್ತಿದ್ದಳು, ತಡೆತಡೆದು. ಊರು ಕಂಡಿತು, ಹೊತ್ತೂ ಇಳಿದಿತ್ತು, ಮಾತಿನ್ನೂ ಅರ್ಧದಲ್ಲಿತ್ತು. ಅವ್ವ ಮುಂದಕ್ಕೆ ಬಾಗಿದಳು.

"ಸಾವಕಾಶ ಹೊಡಿ ತಮ್ಮಾ, ಕೂಸಿನ ಮಾತು ಮುಗೀಲಿ."