ಎರ್ಸಿಲಿಯಾಳ ತುಟಿ ಆಡಿದ ಮಾತು

ಬ್ರೆಡ್ಡಿನಂಗಡಿಯ ಎರ್ಸಿಲಿಯಾ ಮೊದಲ ಸಲ ಓರೆಸ್ತೆಯ ಚಪ್ಪಲಿ ಅಂಗಡಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಹುಬ್ಬಿಗೆಲ್ಲ ಹಿಟ್ಟು ಮೆತ್ತಿತ್ತು, ಕಿತ್ತುಬಂದ ಬೂಟಿನ ಹಿಮ್ಮಡಿ ಕೈಯಲ್ಲಿತ್ತು, ಕಂಕುಳಲ್ಲಿ ಬಿಸಿ ಬ್ರೆಡ್ಡು. ಬಾಗಿಲ ಕಡೆ ನೋಡಿಕೊಂಡೇ ಏನೋ ಗೊಣಗಿದಳು. ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡಿದ್ದ ಓರೆಸ್ತೆ ಸುತ್ತಿಗೆ ಕೆಳಗಿಟ್ಟ.

“ಬೈಯೋದಿದ್ರೆ ಈ ಕಡೆ ತಿರುಗಿ ಬೈಯಮ್ಮ. ತುಟಿ ನೋಡಿ ತಿಳ್ಕೋತೀನಿ.”

“ಒಂಬತ್ತರೊಳಗೆ ಬೇಕು ಅಂದೆ, ಮಾರಾಯ!”

ಅಂದಿನಿಂದ ಅವರದು ಜಗಳದ ಸ್ನೇಹ.

ಸಾವಿರದ ಒಂಬೈನೂರ ಎಪ್ಪತ್ಮೂರರಲ್ಲಿ ರೋಮಿನ ನಿರ್ದೇಶಕನೊಬ್ಬ ಪೋ ನದಿ ದಂಡೆಯ ಅವರ ಊರಲ್ಲೇ ಚಿತ್ರ ತೆಗೆದ. ಮಠ ಬಿಟ್ಟು ಪ್ರಿಯಕರನೊಡನೆ ಬಾಳುವ ಸನ್ಯಾಸಿನಿಯ ಕತೆ. ಸಣ್ಣ ಪಾತ್ರಗಳಿಗೆ ಊರವರನ್ನೇ ಹಾಕಿಕೊಂಡ; ಒಂದು ದೃಶ್ಯದಲ್ಲಿ ಎರ್ಸಿಲಿಯಾ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಕೂಗಾಡಬೇಕಿತ್ತು. ಚಿತ್ರವನ್ನು ಒಂದು ಪತ್ರಿಕೆ ಕಾವ್ಯವೆಂದಿತು, ಇನ್ನೊಂದು ಕೊಳಕು ಎಂದಿತು. ಕೋರ್ಟು ತಡೆ ಹಾಕಿ ತೆಗೆದ ಮೇಲಂತೂ ನೋಡಲು ನೂಕುನುಗ್ಗಲು. ಆದರೆ ತೆರೆಯ ಮೇಲೆ ತಮ್ಮ ಬ್ರೆಡ್ಡಿನಾಕೆ ಸಂತರನ್ನೆಲ್ಲ ಹೀನಾಯವಾಗಿ ಬೈದದ್ದು ಕೇಳಿ ಊರು ಬೆಚ್ಚಿತು. ಮರುದಿನದಿಂದ ಬ್ರೆಡ್ಡು ಕೊಳ್ಳುವವರಿಲ್ಲ. ಹತ್ತು ದಿನ ಹೀಗೇ ಆದರೆ ಒಲೆ ಆರಿಸುವುದೇ ಗತಿ.

“ನಾನು ಹಂಗಂದಿಲ್ಲ ಫಾದರ್! ಮೂವತ್ತರಿಂದ ಎಣಿಸ್ತಾ ಸಿಟ್ಟು ಮಾಡ್ಕೋ ಅಂದ್ರು ಡೈರೆಕ್ಟ್ರು, ಎಣಿಸ್ದೆ. ದನಿ ಆಮೇಲೆ ರೋಮಲ್ಲಿ ಯಾವಳೋ ಹಾಕಿದ್ದು.”

“ಬಾಯಿ ನಿಂದೇ ತಾನೇ, ಮಗಳೇ?” ಎಂದರು ಪಾದ್ರಿ ದೋನ್ ಅಮಿಲ್ಕಾರೆ.

ಬಾಯಿ ಅಂದ ಕೂಡಲೇ ಅವಳಿಗೆ ಓರೆಸ್ತೆ ನೆನಪಾದ. ತುಟಿ ಓದುವುದರಲ್ಲಿ ಅವನ ಕಣ್ಣು ತಪ್ಪುವುದಿಲ್ಲವೆಂದು ಊರಿಗೇ ಗೊತ್ತಿತ್ತು. ಅವನ ಅಂಗಡಿ ಎದುರು ಪಿಸುಗುಟ್ಟಿ ಸಿಕ್ಕಿಬಿದ್ದವರು ಕಡಿಮೆಯೇನಿರಲಿಲ್ಲ. ಭಾನುವಾರ ಮಧ್ಯಾಹ್ನದ ಆಟಕ್ಕೆ ಅವನನ್ನು ತೋಳು ಹಿಡಿದು ಎಳೆದೊಯ್ದಳು.

“ಕಿವುಡಂಗೆ ಸಿನಿಮಾನಾ?”

“ಬಾಯ್ಮುಚ್ಚು. ನನ್ ಸರದಿ ಬಂದಾಗ ಮಾತ್ರ ತೆಗಿ.”

ಆ ದೃಶ್ಯ ಬಂತು. ಓರೆಸ್ತೆ ಎದ್ದು ನಿಂತು ತೆರೆಯ ಮೇಲಿನ ಅವಳ ತುಟಿಯನ್ನು ಗಟ್ಟಿಯಾಗಿ ಓದತೊಡಗಿದ.

“ಮೂವತ್ತು... ಮೂವತ್ತೊಂದು... ಮೂವತ್ತೆರಡು... ಅಯ್ಯೋ, ಒಲೇಲಿ ಬ್ರೆಡ್ ಬಿಟ್ಟು ಬಂದೆ! ಸಂತ ಅಂತೋನಿ, ಸುಡದಂಗೆ ನೋಡ್ಕೊಳಪ್ಪಾ!”

ಚಿತ್ರಮಂದಿರವೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಕೊನೆಯ ಸಾಲಿನಲ್ಲಿ ಮೂಗಿನವರೆಗೆ ಹ್ಯಾಟು ಇಳಿಸಿ ಕೂತಿದ್ದ ಒಬ್ಬಾತ. ನಗುವ ಭರಕ್ಕೆ ಹ್ಯಾಟು ಉರುಳಿತು.

“ಈ ಸಿನಿಮಾ ನೋಡಿದ್ರೆ ಪಾಪ ಅಂದಿದ್ದ ದೋನ್ ಅಮಿಲ್ಕಾರೆ ಇಲ್ಲೇ ಇದಾರಲ್ರೋ!” ಎಂದು ಯಾರೋ ಕೂಗಿದರು.

“ನಾನು... ವಿಚಾರಣೆಗೆ ಬಂದೆ,” ಎಂದರು ಪಾದ್ರಿ, ಕಣ್ಣೊರೆಸಿಕೊಳ್ಳುತ್ತ. “ಸಂತರನ್ನ ಕರೆದವಳ ಬ್ರೆಡ್ಡು ನಾಳೆಯಿಂದ ನನಗೂ ಎರಡು ಇರಲಿ.”

ಸೋಮವಾರ ಬೆಳಿಗ್ಗೆ ಬ್ರೆಡ್ಡಿನಂಗಡಿಯ ಸಾಲು ಊರ ಬಾವಿಯವರೆಗೆ ಬೆಳೆದಿತ್ತು.

ಎರ್ಸಿಲಿಯಾಗೆ ಈಗ ಎಪ್ಪತ್ತೊಂದು. ಬೆಳಿಗ್ಗೆ ಆರಕ್ಕೆ ಅಂಗಡಿ ತೆಗೆದು ಮಧ್ಯಾಹ್ನದವರೆಗೆ ಬ್ರೆಡ್ಡು ಮಾರುತ್ತಾಳೆ.