ಸೀಬೆ ಮರದ ಹಿಡಿ

ನಮ್ಮ ದುಮ್ಯಾತ್ ಊರಿನಲ್ಲಿ ಮಂಚ, ಕುರ್ಚಿ ಮಾಡದ ಓಣಿ ಹುಡುಕುವುದು ಕಷ್ಟ. ಹತ್ತೂ ಬೆರಳಿರುವ ಬಡಗಿ ಸಿಗುವುದೂ ಅಷ್ಟೇ ಕಷ್ಟ. ನನಗೆ ಹತ್ತೂ ಇವೆ, ಯಾಕೆಂದರೆ ನಾನು ಬಡಗಿಯಲ್ಲ. ಮೊಳೆ, ಮರ ಅಂಟಿಸುವ ಸರೇಸು ಮಾರುವವನು. ಎದುರು ಮನೆಯ ಬಡಗಿ ಷೆಹಾತಾನಿಗೆ ನಲವತ್ತೊಂದು ವರ್ಷದವರೆಗೆ ಹತ್ತಿದ್ದವು. ಒಂದು ಮಂಗಳವಾರ ಕಾರ್ಖಾನೆಯ ಗರಗಸದ ಯಂತ್ರ ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದುಕೊಂಡು ಹೋಯಿತು.

ಗಾಯ ಮಾಗಿದ ಮೇಲೆ ಮಾಲೀಕ ಅವನನ್ನು ಗೇಟು ಕಾಯಲು ಕೂರಿಸಿದ. ಅಲ್ಲಿಯವರೆಗೆ ಊರೆಲ್ಲ ಅವನನ್ನು ‘ಉಸ್ತಾ’ ಎನ್ನುತ್ತಿತ್ತು. ಕಸುಬಿನಲ್ಲಿ ಪಳಗಿದವರನ್ನು ನಾವು ಕರೆಯುವುದು ಹಾಗೆ. ಈಗ ಲಾರಿಯವರು ‘ಏ ಗೇಟು’ ಎನ್ನತೊಡಗಿದರು. ಹಾಗೇ ಎರಡು ವರ್ಷ ಕಳೆಯಿತು.

ಒಂದು ಶುಕ್ರವಾರ ಸಂತೆಯಲ್ಲಿ ನಾನೂ ಜೊತೆಗಿದ್ದೆ. ಗುಜರಿಯ ಅಬು ಸರೀ ಹರಡಿದ್ದ ರಾಶಿಯಲ್ಲಿ ಹಲಗೆ ನಯ ಮಾಡುವ ಒಂದು ಮರದ ಕೀಸುಳಿ ಬಿದ್ದಿತ್ತು. ಅಲಗಿಗೆ ತುಕ್ಕು, ಮೈಗೆಲ್ಲ ಬಿರುಕು.

“ಏನ್ ಉಸ್ತಾ, ಒಲೆಗೆ ಬೇಕಾ?” ಅಬು ಸರೀ ನಕ್ಕ.

ಷೆಹಾತಾ ಅದನ್ನು ಹೊರಳಿಸಿ ನೋಡಿದ. ಹಿಡಿಯಲ್ಲಿ ಯಾರದೋ ಹೆಬ್ಬೆರಳು ಒತ್ತಿ ಒತ್ತಿ ಗುಳಿ ಬಿದ್ದಿತ್ತು.

“ಇದನ್ನ ಅಂಗಡೀಲಿ ಕೊಂಡಿಲ್ಲ ಕಣಯ್ಯ,” ಎಂದ ನನಗೆ. “ಯಾರೋ ತನ್ನ ಕೈಗೆ ತಾನೇ ಮಾಡ್ಕೊಂಡಿದಾನೆ. ನನ್ನ ಕೈಗೆ ನಾನ್ಯಾಕೆ ಮಾಡ್ಕೋಬಾರ್ದು?”

ಕೀಸುಳಿಯ ಜೊತೆ ಎರಡು ಉಳಿ, ಹಲ್ಲು ಸವೆದ ಒಂದು ಗರಗಸವೂ ಮನೆಗೆ ಬಂದವು. ಹೆಂಡತಿ ಇನ್ಸಾಫ್ ಬಾಗಿಲಲ್ಲೇ ತಡೆದಳು. “ಅಬು ವಫಾ! ಒಂದು ಗರಗಸ ಕೈ ತಿಂದಿದ್ದು ಸಾಲ್ದಾ? ಈಗ ಮನೆ ತಿನ್ನೋಕೆ ಇನ್ನೊಂದಾ?” ವಫಾ ಅವರ ಮಗಳು, ‘ಅಬು’ ಎಂದರೆ ಅಪ್ಪ. ಸಿಟ್ಟು ಬಂದಾಗಲೂ ಇನ್ಸಾಫ್ ಗಂಡನನ್ನು ಮಗಳ ಹೆಸರಿನಿಂದಲೇ ಕರೆಯುತ್ತಿದ್ದಳು.

ಅವನು ಅಲಗನ್ನು ವಿನೆಗರಿನಲ್ಲಿ ನೆನೆಸಿ ತುಕ್ಕು ಬಿಡಿಸಿದ. ಬಿರುಕು ಬಿಟ್ಟ ಮರಕ್ಕೆ ಅಗಸೆ ಎಣ್ಣೆ ಕುಡಿಸಿದ. ಸಾಣೆಕಲ್ಲಿನ ಸದ್ದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಅಲಗು ಹರಿತವಾಯಿತು, ಆದರೆ ಹಿಡಿ ಕೈಗೆ ಕೂರಲಿಲ್ಲ. ಆಗ ಅವನು ಇನ್ಸಾಫ್ ರೊಟ್ಟಿಗೆ ಕಲಸಿಟ್ಟ ಹಿಟ್ಟಿನಲ್ಲಿ ಒಂದು ಮುದ್ದೆ ಕದ್ದು, ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಆ ಅಚ್ಚನ್ನು ಮಹಡಿಯ ಬಿಸಿಲಿಗಿಟ್ಟ. ಮೊದಲನೆಯದನ್ನು ಪಾರಿವಾಳಗಳು ತಿಂದವು. ಎರಡನೆಯದು ಒಣಗಿತು. ಅದನ್ನು ನೋಡಿಕೊಂಡು ಸೀಬೆ ತೋಟದಿಂದ ತಂದ ಕೊಂಬೆಯಲ್ಲಿ ಹಿಡಿ ಕೆತ್ತಿದ. ಮೊಂಡು ಬೆರಳುಗಳು ಕೂರಲು ಎರಡು ಗುಳಿ ತೋಡಿದ. ಮೂರು ಹಿಡಿ ಹಾಳಾದವು. ನಾಲ್ಕನೆಯದು ಸರಿಹೋಯಿತು. ಹಲಗೆಯ ಮೇಲಿಂದ ಉದ್ದಕ್ಕೆ ತುಂಡಾಗದೆ ಸುರುಳಿ ಎದ್ದುಬಂದಾಗ ಅವನು ಅದನ್ನು ಇನ್ಸಾಫಳ ಕೊರಳಿಗೆ ಹಾರದಂತೆ ಹಾಕಿದ. “ಹುಚ್ಚ,” ಎಂದಳು. ಅಳುತ್ತಿದ್ದಳು.

ಗೇಟಿನ ಕೆಲಸ ಬಿಟ್ಟ. ಸಿಕ್ಕಸಿಕ್ಕಲ್ಲಿ ಹಳೆಯ ಸಲಕರಣೆ ಕೊಂಡು ಜೀವ ತುಂಬಿದ. ಬೆರಳು ಕಳೆದುಕೊಂಡವರು ಒಬ್ಬೊಬ್ಬರಾಗಿ ಬಂದರು. ಹಿಟ್ಟು ಹಿಸುಕಿ ಹೋದರು, ಹಿಡಿ ಒಯ್ದರು.

ಅವನಿಗೆ ಸೋಲು ತಂದವನು ಬಯೂಮಿ. ಕುರ್ಚಿಯ ಬೆನ್ನಿಗೆ ಹೂಬಳ್ಳಿ ಕೆತ್ತುವುದರಲ್ಲಿ ಊರಿಗೇ ಮೊದಲಿಗ. ಎಡಗೈಯ ಹೆಬ್ಬೆರಳು ಹೋಗಿತ್ತು. ಕೆತ್ತನೆಯಲ್ಲಿ ಉಳಿ ದಾರಿ ತಪ್ಪದಂತೆ ನೋಡಿಕೊಳ್ಳುವುದು ಆ ಬೆರಳೇ. ಷೆಹಾತಾ ಆರು ಹಿಡಿ ಮಾಡಿಕೊಟ್ಟ. ಆರರಲ್ಲೂ ಉಳಿ ಜಾರಿತು. ಬಯೂಮಿ ಆರನೆಯದನ್ನು ಗೋಡೆಗೆ ಎಸೆದ.

“ನಿನ್ನ ಕನಿಕರ ನನಗೆ ಬೇಡ ಕಣೋ. ನಾನೇನು ನಿನ್ನ ಗುಜರಿ ಸಾಮಾನಾ, ತಿಕ್ಕಿ ತೊಳೆದು ಇಟ್ಕೊಳ್ಳೋಕೆ?”

ಷೆಹಾತಾ ಬಿದ್ದ ಹಿಡಿ ಎತ್ತಿಕೊಂಡು ಬಂದುಬಿಟ್ಟ. ಮೂರು ತಿಂಗಳು ಇಬ್ಬರಿಗೂ ಮಾತಿಲ್ಲ.

ಆಮೇಲೆ ಅಬು ಸರೀಯ ರಾಶಿಯಲ್ಲಿ ಅವನಿಗೆ ಎರಡು ಕಬ್ಬಿಣದ ಮುಳ್ಳು ಕೂರಿಸಿದ ಮರದ ದಿಮ್ಮಿಯೂ ಒಂದು ಬಿಲ್ಲೂ ಸಿಕ್ಕವು. ಮರ ತಿರುಗಿಸಿ ದುಂಡಗೆ ಕಡೆಯುವ ಹಳೇ ಕಾಲದ ಚರಕ ಅದು. ನೆಲದ ಮೇಲೆ ಕೂತು, ಮುಳ್ಳುಗಳ ನಡುವೆ ಕೋಲು ಸಿಕ್ಕಿಸಿ, ಬಲಗೈಯಲ್ಲಿ ಬಿಲ್ಲು ಎಳೆದರೆ ಕೋಲು ತಿರುಗುತ್ತದೆ. ಉಳಿಯ ಹಿಂಬದಿ ಎಡಗೈಯಲ್ಲಿ, ತುದಿ ಕಾಲ್ಬೆರಳುಗಳ ಆಸರೆಯಲ್ಲಿ. ಷೆಹಾತಾ ಮುಳ್ಳು ನೆಟ್ಟಗೆ ಮಾಡಿ, ಬಿಲ್ಲಿಗೆ ಹೊಸ ಹುರಿ ಕಟ್ಟಿ, ತಾನೇ ಎರಡು ತಿಂಗಳು ಕಲಿತ. ಪಾದವೆಲ್ಲ ಗಾಯ.

ಒಂದು ಮಧ್ಯಾಹ್ನ ಅದನ್ನು ಹೊತ್ತು ನೇರ ಕಾಫಿ ಅಂಗಡಿಗೆ ನಡೆದ. ಬಯೂಮಿ ಅಲ್ಲಿ ಡೊಮಿನೊ ಆಡುತ್ತಿದ್ದ. ಎಲ್ಲರ ಎದುರು ಷೆಹಾತಾ ನೆಲದ ಮೇಲೆ ಕೂತು, ಚಪ್ಪಲಿ ಕಳಚಿ, ಬಿಲ್ಲು ಎಳೆದ. ಆಡುವವರು ಕೈ ನಿಲ್ಲಿಸಿದರು.

“ಉಸ್ತಾ ಬಯೂಮಿ, ಕೈಯಲ್ಲಿ ಒಂದು ಕಮ್ಮಿ ಇರಬಹುದು. ಕಾಲಲ್ಲಿ ಲೆಕ್ಕ ಸರಿಯಾಗಿದೆ ತಾನೇ?”

“ನನ್ನ ಕಾಲು ನಾರುತ್ತೆ.”

“ಮರಕ್ಕೆ ಮೂಗಿಲ್ಲ, ಬಾ.”

ಅಂಗಡಿಯೆಲ್ಲ ನಕ್ಕಿತು. ಬಯೂಮಿಯೂ ನಕ್ಕ, ನಗುತ್ತಲೇ ಬೂಟು ಬಿಚ್ಚಿದ. ಕೋಲಿನಿಂದ ಅವನು ಕಡೆದ ಮೊದಲ ಗುಂಡು ಬದನೆಕಾಯಿಯಂತೆ ಸೊಟ್ಟಗಿತ್ತು. ಹತ್ತನೆಯದು ದುಂಡಗಾಯಿತು. ಕತ್ತಲಾಗುವವರೆಗೂ ಅವನು ಏಳಲಿಲ್ಲ. ಆಟ ಬಿಟ್ಟವರು ಸುತ್ತ ನಿಂತು ಅವನ ಕಾಲನ್ನೇ ನೋಡುತ್ತಿದ್ದರು.

ಆ ಚಳಿಗಾಲ ಇಬ್ಬರೂ ಸೇರಿ ಕಾಫಿ ಅಂಗಡಿಯ ಮಹಡಿ ಕಿಟಕಿಗೆ ಮರದ ಗುಂಡುಗಳನ್ನು ಜೋಡಿಸಿದ ಜಾಲರಿ ಮಾಡಿದರು. ಗುಂಡುಗಳು ಬಯೂಮಿಯವು, ಚೌಕಟ್ಟು ಷೆಹಾತಾನದು. ಒಂದು ಮೊಳೆಯನ್ನೂ ಬಳಸಲಿಲ್ಲ. ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತೇನೆ, ಅಂಥ ಕೂಡಿಕೆ ನಾನು ಬೇರೆಲ್ಲೂ ಕಂಡಿಲ್ಲ. ಮನ್ಸೂರಾ ಪಟ್ಟಣದಿಂದಲೂ ಜನ ನೋಡಲು ಬಂದರು. ಈಗ ಇಬ್ಬರಿಗೂ ವರ್ಷ ಪೂರ್ತಿ ಜಾಲರಿಯ ಕೆಲಸ.

ಶುಕ್ರವಾರ ಮಾತ್ರ ಷೆಹಾತಾ ಹಿಡಿ ಮಾಡಲು ಕೂರುತ್ತಾನೆ. ಮೊನ್ನೆ ದೋಣಿ ಕಟ್ಟುವವನೊಬ್ಬ ಬಂದಿದ್ದ, ಅವನ ಮಣಿಕಟ್ಟು ಮಡಚುವುದಿಲ್ಲ. ತನಗಾಗಿ ಮಾಡಿದ ಹಿಡಿ ನೋಡಿ, ಚೆನ್ನಾಗಿದೆ, ಕಟ್ಟಿಕೊಡು ಎಂದ.

“ಆ ಹಲಗೆ ಪೂರ್ತಿ ಕೀಸು ಮೊದಲು,” ಎಂದ ಷೆಹಾತಾ. “ಎಲ್ಲಿ ನೋಯುತ್ತೆ ಅಂತ ಹೇಳು.”

ಅವನು ಕೀಸಿದ. ಹೆಬ್ಬೆರಳಿನ ಬುಡದಲ್ಲಿ ಸ್ವಲ್ಪ ನೋಯುತ್ತದೆ ಎಂದ. ಷೆಹಾತಾ ಹಿಡಿ ವಾಪಸು ಇಸಿದುಕೊಂಡು, ಮರ ಉಜ್ಜುವ ಅರ ಕೈಗೆತ್ತಿಕೊಂಡ.