ತುಳಸಿ ಎಲೆಯೂ ಹದಿನೆಂಟು ಸಾವಿರ ಅಲ್ಪವಿರಾಮಗಳೂ

ನಲವತ್ತಾರರ ಶಾಮಲಾ ಭದ್ರಾವತಿಯಿಂದ ದಿನವೂ ಬಸ್ಸೇರಿ ಶಿವಮೊಗ್ಗದ ಕೋಟೆಗೆ ದಂಡೆತ್ತಿ ಬರುತ್ತಿದ್ದಳು. ಆಯುಧ ಕೀಬೋರ್ಡ್, ಶತ್ರು ಅಲ್ಪವಿರಾಮ. ಅಲ್ಲಿನ ದೇವಸ್ಥಾನವೊಂದರ ಕಂಪ್ಯೂಟರಿನಲ್ಲಿ ಸೇವೆ ಬರೆಸಿದ ಹದಿನೆಂಟು ಸಾವಿರ ಭಕ್ತರ ಹೆಸರುಗಳು ಸೇವೆಯ ದಿನದ ಸಮೇತ, ನಡುನಡುವೆ ಅಲ್ಪವಿರಾಮದೊಡನೆ ಒಂದೇ ಸಾಲಿನಲ್ಲಿದ್ದವು. ಬೆಳಿಗ್ಗೆ ಅದನ್ನು ಬಿಡಿಸಿ ಆ ದಿನದವರ ಪಟ್ಟಿ ತೆಗೆಯಲು ಅವಳ ಪ್ರೋಗ್ರಾಂಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಮಂಗಳಾರತಿ ಮುಗಿದು, ಸಂಕಲ್ಪದಲ್ಲಿ ತಮ್ಮ ಹೆಸರು ಕೇಳದ ಭಕ್ತರು ಯುದ್ಧ ಸಾರುತ್ತಿದ್ದರು. ಸೋಮವಾರವೂ ತಡವಾದರೆ ಮತ್ತೆ ಕೈಬರಹದ ಪುಸ್ತಕವೇ ಗತಿ, ಶಾಮಲಾ ಬರುವುದು ಬೇಡ ಎಂದಿತು ಸಮಿತಿ.

ಶನಿವಾರ ಅರ್ಚಕ ಉಮಾಮಹೇಶ್ವರ ಭಟ್ಟರು ತಡವಾಗಿ ಬಂದ ಪಟ್ಟಿಯ ಹೆಸರು ಓದುತ್ತಿದ್ದವರು ನಿಲ್ಲಿಸಿದ ಹೆಸರಿನ ಮೇಲೊಂದು ತುಳಸಿ ಎಲೆ ಇಟ್ಟು, ತೀರ್ಥ ಕೊಟ್ಟು ಬಂದು, ಅಲ್ಲಿಂದಲೇ ಮುಂದುವರಿಸಿದರು.

"ಭಟ್ರೇ, ಮತ್ತೆ ಮೊದಲಿಂದ ಓದಲ್ವಾ?" ಎಂದಳು ಶಾಮಲಾ.

"ಯಾಕೆ ಓದ್ಬೇಕು ಮಾರಾಯ್ತಿ? ಎಲೆ ಇಟ್ಟಿದ್ದು ಕಾಣಲ್ವಾ?"

ಶಾಮಲಾಗೆ ನಾಚಿಕೆಯಾಯಿತು. ಅವಳ ಪ್ರೋಗ್ರಾಂ ಒಂದೊಂದು ಹೆಸರು ಕತ್ತರಿಸಿದಾಗಲೂ ಆ ಸಾಲಿನ ಉಳಿದ ಬಾಲವನ್ನೆಲ್ಲ ಹೊಸದಾಗಿ ನಕಲು ಮಾಡಿಕೊಳ್ಳುತ್ತಿತ್ತು, ಹದಿನೆಂಟು ಸಾವಿರ ಸಲ! ಎಲ್ಲಿ ನಿಲ್ಲಿಸಿದೆವೆಂದು ನೆನಪಿದ್ದರೆ ಸಾಕು, ಉಳಿದದ್ದನ್ನು ಹೊತ್ತು ತಿರುಗಬೇಕಿಲ್ಲ ಎಂಬುದು ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವಳಿಗೆ ಹೊಳೆದಿರಲಿಲ್ಲ. ಬಾಲವನ್ನು ಮುಟ್ಟದೆ, ಕೊನೆಯ ಅಲ್ಪವಿರಾಮದ ಜಾಗವನ್ನಷ್ಟೇ ಗುರುತಿಟ್ಟುಕೊಂಡು ಮುಂದೆ ಸಾಗುವಂತೆ ಅದನ್ನು ತಿದ್ದಿದಳು.

ಸೋಮವಾರ ಒಂಬತ್ತು ಸೆಕೆಂಡಿನಲ್ಲಿ ಪಟ್ಟಿ ಬಂತು.

"ಇಷ್ಟು ಬೇಗ? ಅರ್ಧ ಜನರನ್ನ ನುಂಗಿಲ್ಲ ತಾನೆ?" ಎಂದರು ಭಟ್ಟರು.

"ಇಲ್ಲ ಭಟ್ರೇ, ತುಳಸಿ ಇಟ್ಟಿದೀನಿ."

ಭಟ್ಟರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಎಲೆ ಹುಡುಕಿದರು. ಹುಡುಕಲು ಸಮಯವಿತ್ತು. ಮಂಗಳಾರತಿಗೆ ಇನ್ನೂ ಅರ್ಧ ಗಂಟೆ ಬಾಕಿ.